ವಾಯ್ ಎಂಬ ಕನ್ಯೆ ಆಯ್ ಆದ ಪ್ರಸಂಗ

ಬಾಲ ಹಚ್ಚಿಕೊಂಡ ಯಾವ ವಸ್ತುವೂ ಈ ಜಗತ್ತಿನಲ್ಲಿ ತನ್ನ ಮೂಲರೂಪದಲ್ಲಿ ಉಳಿಯುವುದಿಲ್ಲ. ಹೊಸದನ್ನು ಕೂಡಿಸಿಕೊಳ್ಳುವ ಪ್ರತಿಯೊಂದು ಜೀವವೂ ಹಳೆಯದೇನನ್ನಾದರೂ ಬಿಟ್ಟುಕೊಟ್ಟೇ ತೀರಬೇಕು. ಇಷ್ಟು ಗಹನವಾದ ಸತ್ಯವನ್ನು ನಾನು ಯಾವುದೋ ಗುಹೆಯಲ್ಲಿ ಕಣ್ಣು ಮುಚ್ಚಿ ಕುಳಿತು ಕಂಡುಕೊಂಡೆನೆಂದು ನೀವು ಭಾವಿಸಬಾರದು. ಬೈಲಹೊಂಗಲದ ಒಂದು ಹೈಸ್ಕೂಲಿನ ಎಂಟನೆಯ ತರಗತಿಯ ‘ಬ’ ವಿಭಾಗದಲ್ಲಿ, ಊಟದ ಬಿಡುವು ಮುಗಿದು ಅರ್ಧ ತರಗತಿ ತೂಕಡಿಸುತ್ತಿರುವ ಹೊತ್ತಿನಲ್ಲಿ, ‘ಮೇಕ್’ ಎಂಬ ಶಬ್ದಕ್ಕೆ ‘ಇಂಗ್’ ಎಂಬ ಬಾಲವನ್ನು ಅಂಟಿಸಿದಾಗ ಕೊನೆಯ ‘ಈ’ ಅಕ್ಷರ ಎಲ್ಲಿಗೆ ಹೋಯಿತು ಎಂದು ಒಬ್ಬ ವಿದ್ಯಾರ್ಥಿ ಕೇಳಿದ್ದಕ್ಕೆ ಉತ್ತರ ಹೊಳೆಯದೆ ನಿಂತಾಗ ಅದು ನನಗೆ ಗೋಚರವಾಯಿತು.

ಮೂವತ್ತೊಂದು ವರ್ಷ ನಾನು ಮಾಡಿದ್ದು ಇದೇ ಉದ್ಯೋಗ: ಇಂಗ್ಲಿಷ್ ಶಬ್ದಗಳಿಗೆ ಬಾಲ ಹಚ್ಚುವುದು. ಕಿತ್ತೂರಿನಲ್ಲಿ ಐದು ವರ್ಷ, ಸವದತ್ತಿಯಲ್ಲಿ ನಾಲ್ಕು, ಉಳಿದದ್ದೆಲ್ಲ ಬೈಲಹೊಂಗಲದಲ್ಲಿ. ಪಕ್ಕದ ಕೋಣೆಯಲ್ಲಿ ನಮ್ಮ ಕನ್ನಡ ಪಂಡಿತರು ಲೋಪ, ಆಗಮ, ಆದೇಶ ಎಂದು ಸಂಧಿಗಳನ್ನು ಘೋಷಿಸುತ್ತಿದ್ದರು. ಗೋಡೆಯ ಈಚೆ ನಾನು ಅದನ್ನೇ ಪರದೇಶದ ವೇಷದಲ್ಲಿ ನಿಲ್ಲಿಸುತ್ತಿದ್ದೆ. ಒಂದು ಅಕ್ಷರ ಬಿದ್ದುಹೋಗುವುದು, ಒಂದು ಅಕ್ಷರ ಇಮ್ಮಡಿಯಾಗುವುದು, ಒಂದರ ಜಾಗದಲ್ಲಿ ಇನ್ನೊಂದು ಬಂದು ಕೂರುವುದು: ಇಷ್ಟೇ. ಮಕ್ಕಳು ಎರಡೂ ಕೋಣೆಗಳ ಪಾಠವನ್ನು ಸಮಾನ ನಿಷ್ಪಕ್ಷಪಾತದಿಂದ ಮರೆಯುತ್ತಿದ್ದರು.

ಆದ್ದರಿಂದ ನಾನು ನಿಯಮಗಳನ್ನು ಊರಿನ ಬಟ್ಟೆ ತೊಡಿಸಿ ಕರೆತರತೊಡಗಿದೆ. ಶಬ್ದದ ಕೊನೆಯಲ್ಲಿ ಉಚ್ಚಾರವಿಲ್ಲದೆ ಕೂತ ‘ಈ’ ಎಂದರೆ ಕಟ್ಟೆಯ ತುದಿಯಲ್ಲಿ ಮಾತಿಲ್ಲದೆ ಕೂತ ಹಿರಿಯರು. ಸ್ವರದಿಂದ ಶುರುವಾಗುವ ಬೀಗರು ಬಂದರೆ ಎದ್ದು ಜಾಗ ಬಿಟ್ಟುಕೊಡುತ್ತಾರೆ, ವ್ಯಂಜನದಿಂದ ಶುರುವಾಗುವವರು ಬಂದರೆ ಕೂತಲ್ಲಿಂದ ಅಲುಗುವುದಿಲ್ಲ. ‘ರನ್’ ಎಂಬ ಗಿಡ್ಡ ಶಬ್ದ ‘ರನ್ನಿಂಗ್’ ಆಗಬೇಕಾದರೆ ಒಂಟಿ ಎತ್ತಿನಿಂದ ಬಂಡಿ ಸಾಗದು, ಇನ್ನೊಂದು ‘ಎನ್’ ತಂದು ಜೋಡಿ ಹೂಡಬೇಕು. ಇಷ್ಟಾದ ಮೇಲೂ ಉಳಿಯುವ ಅಪವಾದಗಳಿಗೆ ನನ್ನ ಹತ್ತಿರ ಒಂದೇ ಔಷಧವಿತ್ತು. ಯಾವ ಮಗುವಾದರೂ ಎದ್ದು “ಯಾಕ್ರಿ ಸರ?” ಎಂದರೆ, “ರೂಲ್ ಹಂಗ ಐತಿ. ಕುಂಡ್ರು,” ಎನ್ನುತ್ತಿದ್ದೆ. ಈ ಔಷಧದ ಗುಣವನ್ನು ಮುಂದೊಮ್ಮೆ ನಾನೇ ಕುಡಿದು ನೋಡಬೇಕಾಗುವುದೆಂದು ಆಗ ಗೊತ್ತಿರಲಿಲ್ಲ.

ನನ್ನ ಖ್ಯಾತಿಗೆ ಕಾರಣವಾದದ್ದು ಮಾತ್ರ ‘ವಾಯ್’ ಪ್ರಕರಣ. ಕೊನೆಯಲ್ಲಿ ವಾಯ್, ಅಂದರೆ ವೈ ಅಕ್ಷರ, ಇರುವ ಶಬ್ದಕ್ಕೆ ಬಾಲ ಸೇರಿದರೆ ವಾಯ್ ಹೋಗಿ ಆಯ್, ಅಂದರೆ ಐ, ಬರುತ್ತದೆ. ಹ್ಯಾಪಿ ಹ್ಯಾಪಿನೆಸ್ ಆಗುವಾಗ, ಕ್ಯಾರಿ ಕ್ಯಾರೀಡ್ ಆಗುವಾಗ. ಇದನ್ನು ನಾನು ಮದುವೆಯೆಂದು ಸಾರಿದೆ. ನಮ್ಮ ಕಡೆಯ ಹಲವು ಮನೆಗಳಲ್ಲಿ ಸೊಸೆ ಹೊಸ್ತಿಲು ದಾಟಿ ಬಂದ ದಿನ ತಾಟಿನಲ್ಲಿ ಅಕ್ಕಿ ಹರವಿ, ಉಂಗುರದ ತುದಿಯಿಂದ ಅವಳಿಗೊಂದು ಹೊಸ ಹೆಸರು ಬರೆಯುವ ಪದ್ಧತಿ ನಿಮಗೆ ಗೊತ್ತಿರಬಹುದು. ಅಲ್ಲಿಂದ ಮುಂದೆ ತವರಿನ ಹೆಸರು ತವರಿನಲ್ಲೇ ಉಳಿಯುತ್ತದೆ. ನಾನು ಕರಿಹಲಗೆಯ ಮೇಲೆ ತಾಟಿನ ಚಿತ್ರ ತೆಗೆದು, ‘ವಾಯ್’ ಎಂಬ ಕನ್ಯೆಗೆ ‘ಆಯ್’ ಎಂದು ನಾಮಕರಣ ಮಾಡುತ್ತಿದ್ದೆ. ಹೀಗೆ ಯಾವ ಪುರೋಹಿತನೂ ನಡೆಸದಷ್ಟು ಮದುವೆಗಳನ್ನು, ಅಕ್ಷತೆಯ ಬದಲು ಸುಣ್ಣದ ಪುಡಿ ಉದುರಿಸಿ, ನಡೆಸಿದ್ದೇನೆ.

ಆದರೆ ‘ಇಂಗ್’ ಬಂದರೆ ವಾಯ್ ಬದಲಾಗುವುದಿಲ್ಲ. ಕ್ಯಾರಿಯಿಂಗ್‌ನಲ್ಲಿ ವಾಯ್ ಇದ್ದಂತೆಯೇ ಇರುತ್ತದೆ. ಅದಕ್ಕೂ ನನ್ನಲ್ಲಿ ವಿವರಣೆ ಇತ್ತು. ಇಂಗ್ ಎಂದರೆ ತವರಿನ ಅಣ್ಣ. ಅವನು ಕರೆಯಲು ಬಂದಾಗ ಹಳೆಯ ಹೆಸರಿನಿಂದಲೇ ಕರೆಯುತ್ತಾನೆ. ಮೇಲಾಗಿ ಇಂಗ್‌ನಲ್ಲಿ ಮೊದಲೇ ಒಂದು ಆಯ್ ಇದೆಯಲ್ಲ, ಒಂದೇ ಹೆಸರಿನವರಿಬ್ಬರು ಒಂದೇ ಮನೆಯಲ್ಲಿ ಒತ್ತಟ್ಟಿಗೆ ಇರಲಾದೀತೆ? ಈ ‘ತವರುಮನೆ ಸಿದ್ಧಾಂತ’ವನ್ನು ಧಾರವಾಡದ ಒಂದು ತರಬೇತಿ ಶಿಬಿರದಲ್ಲಿ ಮಂಡಿಸಿದಾಗ ಶಿಕ್ಷಕರು ಚಪ್ಪಾಳೆ ತಟ್ಟಿದರು, ಶಿಕ್ಷಕಿಯರು ತಟ್ಟಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತರು. ಆ ಎರಡನೆಯದನ್ನೂ ನಾನು ಮೆಚ್ಚುಗೆಯೆಂದೇ ಜಮಾ ಮಾಡಿಕೊಂಡೆ.

ಕಳೆದ ಶ್ರಾವಣದಲ್ಲಿ ಒಂದು ಮುಂಜಾನೆ, ನಿವೃತ್ತ ಮನುಷ್ಯನಿಗೆ ಸಲ್ಲುವ ಗಾಂಭೀರ್ಯದಿಂದ ನಾನು ಪಡಸಾಲೆಯಲ್ಲಿ ಮೆಂತ್ಯಸೊಪ್ಪು ಬಿಡಿಸುತ್ತಿದ್ದಾಗ, ಪ್ಲಾಸ್ಟಿಕ್ ಫೈಲೊಂದನ್ನು ಎದೆಗವಚಿಕೊಂಡ ಹೆಂಗಸೊಬ್ಬಳು ಬಾಗಿಲಲ್ಲಿ ನಿಂತಳು.

“ನಮಸ್ಕಾರ್ರಿ ಸರ. ಗುರ್ತು ಸಿಕ್ಕಿತೇನ್ರಿ?”

ನಿವೃತ್ತ ಶಿಕ್ಷಕರು ಜಗತ್ತಿನಲ್ಲಿ ಅತ್ಯಂತ ಹೆದರುವ ಪ್ರಶ್ನೆ ಇದು. ಅದಕ್ಕೆಂದೇ ಯಾರ ಮನಸ್ಸೂ ನೋಯದ ಒಂದು ಸಿದ್ಧ ಉತ್ತರವನ್ನು ನಾನು ಇಟ್ಟುಕೊಂಡಿದ್ದೇನೆ. “ಮಾರಿ ನೆನಪೈತಿ ತಂಗಿ, ಹೆಸರೊಂದ ನೆನಪಾಗವಲ್ದು,” ಎಂದೆ.

“ಯಾವ ಹೆಸರ್ರಿ ಸರ?” ಎಂದಳು ಆಕೆ. “ಅದಕ್ಕ ಬಂದೇನ್ರಿ ನಾ.”

ಕೂರಿಸಿ ಕೇಳಿದಾಗ ವಿಷಯ ತಿಳಿಯಿತು. ಆಕೆ ನೇಸರಗಿ ಕಡೆಯವಳು; ತಂದೆತಾಯಿ ಇಲ್ಲದ್ದರಿಂದ ಬೈಲಹೊಂಗಲದಲ್ಲಿ ಸೋದರಮಾವನ ಮನೆಯಲ್ಲಿದ್ದು, ನನ್ನ ಕೈಕೆಳಗೆ ಹೈಸ್ಕೂಲು ಓದಿದವಳು. ಶಾಲೆಯಲ್ಲಿ ಹೆಸರು ಕಸ್ತೂರಿ. ಪಿಯುಸಿ ಮುಗಿದದ್ದೇ ಮದುವೆಯಾಗಿ, ರಾಮದುರ್ಗ ತಾಲೂಕಿನಲ್ಲಿ ಸುರೇಬಾನದ ಆಚೆಗಿನ ಒಂದು ಸಣ್ಣ ಊರಿಗೆ ಹೋದಳು. ಅಲ್ಲಿ ತಾಟಿನ ಅಕ್ಕಿಯಲ್ಲಿ ಅವಳ ಹೆಸರು ಅನ್ನಪೂರ್ಣಾ ಎಂದಾಯಿತು. ಈಗ ಆ ಊರಿನ ಅಂಗನವಾಡಿಗೆ ಕಾರ್ಯಕರ್ತೆ ಬೇಕಾಗಿದ್ದಾಳೆ. ಅಂಕಪಟ್ಟಿಗಳೆಲ್ಲ ಕಸ್ತೂರಿಯವು, ಆಧಾರ್ ಮತ್ತು ರೇಷನ್ ಕಾರ್ಡು ಅನ್ನಪೂರ್ಣಾಳವು. ಪಾಸಾದವಳು ಆ ಊರಿನಲ್ಲಿಲ್ಲ, ಆ ಊರಿನಲ್ಲಿರುವವಳು ಪಾಸಾಗಿಲ್ಲ. ಇಬ್ಬರೂ ಒಬ್ಬಳೇ ಎಂದು ಊರ ಚಾವಡಿಯಲ್ಲಿ ಐದು ಜನ ಸಾಕ್ಷಿಗಳೆದುರು ಪಂಚನಾಮೆಯಾಗಬೇಕು. ಗಂಡನ ಊರಿನ ನಾಲ್ವರು ಅನ್ನಪೂರ್ಣಾಳನ್ನು ಬಲ್ಲರು. ಕಸ್ತೂರಿಯನ್ನು ಬಲ್ಲ ಒಬ್ಬರಾದರೂ ಬೇಕು, ಅವರು ಸಂಬಂಧಿಕರಾಗಿರಬಾರದು.

“ಮಾವ ಬಂದ್ರ ನಡೆಯಾಂಗಿಲ್ಲಂತ್ರಿ. ಯಾಕಂತ ಕೇಳಿದ್ರ, ರೂಲ್ ಹಂಗ ಐತಿ ಅಂದ್ರು. ಎಂಟ ದಿನದಾಗ ಕಾಗದ ಕೊಡಬೇಕ್ರಿ. ಮುಂದಿನ ಸಲ ಕರಿಯೂದ್ರಾಗ ನನ್ನ ವಯಸ್ಸ ದಾಟಿ ಹೋಗತೈತ್ರಿ ಸರ.”

ಇಲ್ಲಿ ನಾನೊಂದು ಸಂಕಟವನ್ನು ನಿಮ್ಮ ಮುಂದೆ ಬಿಚ್ಚಿಡಬೇಕು. ಸಿದ್ಧ ಉತ್ತರವನ್ನು ಬದಿಗಿಟ್ಟು ಎಷ್ಟು ನಿಟ್ಟಿಸಿ ನೋಡಿದರೂ ಆ ಮುಖ ನನಗೆ ನೆನಪಾಗಲಿಲ್ಲ. ಹಾಜರಿ ಪುಸ್ತಕದಲ್ಲಿ ವರ್ಷಕ್ಕೆ ಇಬ್ಬರಾದರೂ ಕಸ್ತೂರಿಯರು ಇರುತ್ತಿದ್ದರು. ನಾನು ಹಳೆಯ ಕಾಲದವನು. ನೋಡದ ಉತ್ತರಪತ್ರಿಕೆಗೆ ಅಂಕ ಹಾಕಿದವನಲ್ಲ, ನೆನಪಿಲ್ಲದ ಮುಖಕ್ಕೆ ಸಾಕ್ಷಿ ನುಡಿಯುವುದು ಹೇಗೆ?

“ನೋಡ ತಂಗಿ, ಸಿಟ್ಟಾಗಬ್ಯಾಡ. ನೀ ಖರೇ ಹೇಳಾಕ ಹತ್ತೀದಿ ಅಂತ ಗೊತ್ತೈತಿ. ಆದ್ರ ನನಗ ನಿನ್ನ ನೆನಪಿಲ್ಲ. ನೆನಪಿಲ್ಲದ್ದಕ್ಕ ನೆನಪೈತಿ ಅಂತ ಹೆಂಗ ಸಹಿ ಮಾಡ್ಲಿ?”

ಆಕೆ ಫೈಲಿನ ಗುಂಡಿಯನ್ನು ಒಮ್ಮೆ ತೆಗೆದು ಒಮ್ಮೆ ಹಾಕಿದಳು.

ಅಷ್ಟರಲ್ಲಿ ನಮ್ಮ ಮನೆಯವರು ಚಹಾ ತಂದರು. ಅವರ ಹೆಸರು ಶಾರದಾ. ಅಕ್ಕಿಯಲ್ಲಿ ನಾನೇ ಬರೆದದ್ದು. “ಜನ್ಮಪೂರ್ತಿ ಹಾಜರಿ ಕರದೀರಿ, ಒಂದ ಸಹಿಗೆ ಕೈ ಬರವಲ್ದೇನು?” ಎಂದರು.

“ಇದು ತತ್ತ್ವದ ಪ್ರಶ್ನೆ,” ಎಂದೆ ನಾನು.

“ಹೌದ? ಹಂಗಾರ ನಾನೂ ಒಂದ ತತ್ತ್ವದ ಪ್ರಶ್ನಿ ಕೇಳತೇನಿ. ನನ್ನ ತವರಮನಿ ಹೆಸರೇನು, ಹೇಳ್ರಿ ನೋಡೂಣು.”

ಇದೆಂಥ ಪ್ರಶ್ನೆ ಎನ್ನಬೇಡಿ. ತವರಿನವರೆಲ್ಲ ಅವರನ್ನು ಚಿನ್ನವ್ವ ಎಂದು ಕರೆಯುತ್ತಿದ್ದರು. ನಿಜವಾದ ಹೆಸರನ್ನು ನಾನು ಕೇಳಿದ್ದು ಹೆಣ್ಣು ನೋಡಲು ಹೋದ ದಿನ ಒಮ್ಮೆ, ಲಗ್ನಪತ್ರಿಕೆಯಲ್ಲಿ ಓದಿದ್ದು ಇನ್ನೊಮ್ಮೆ. ಮೂರು ಕ್ಷಣ ಯೋಚಿಸಿ, ಪರೀಕ್ಷೆಯಲ್ಲಿ ಖಾಲಿ ಬಿಡುವುದಕ್ಕಿಂತ ಏನಾದರೂ ಬರೆಯುವುದು ಲೇಸೆಂದು ಮಕ್ಕಳಿಗೆ ನಾನೇ ಹೇಳಿಕೊಟ್ಟದ್ದನ್ನು ನೆನೆದು, “ಇಂದಿರಾ,” ಎಂದೆ.

“ಇಂದಿರಾ ನಮ್ಮ ಅಕ್ಕನ ಹೆಸರ್ರಿ. ನಾ ವಿಮಲಾ.” ಚಹಾದ ಕಪ್ಪನ್ನು ಕಸ್ತೂರಿಯ ಕೈಗಿಟ್ಟು, “ನಮ್ಮನಿ ಮಾಸ್ತರ ನೆನಪಿನ ಶಕ್ತಿ ಇಷ್ಟ ನೋಡವಾ. ನೀ ಮನಸಿಗೆ ಹಚ್ಚಿಕೋಬ್ಯಾಡ,” ಎಂದು ಒಳಗೆ ಹೋದರು.

ಕಸ್ತೂರಿ ನಗು ತಡೆಯಲು ಮುಖವನ್ನು ಗೋಡೆಯತ್ತ ತಿರುಗಿಸಿದಳು. ಗೋಡೆಯ ಮೇಲೆ, ಓಣಿಯ ಮಕ್ಕಳಿಗೆ ಸಂಜೆ ನಾಲ್ಕಕ್ಷರ ಹೇಳಿಕೊಡಲು ನಾನು ತೂಗುಹಾಕಿರುವ ಪುಟ್ಟ ಕರಿಹಲಗೆ ಇತ್ತು. ಹಿಂದಿನ ದಿನದ ಪಾಠ ಅಳಿಸಿರಲಿಲ್ಲ: ಕ್ಯಾರಿ, ಪಕ್ಕದಲ್ಲಿ ಇಂಗ್, ಇಂಗ್‌ನ ತಲೆಯ ಮೇಲೆ ರುಮಾಲು ಸುತ್ತಿದ ಅಣ್ಣನ ಚಿತ್ರ. ಆಕೆ ಚಹಾದ ಕಪ್ಪು ಹಿಡಿದುಕೊಂಡೇ ಅದನ್ನು ನೋಡಿದಳು.

“ಸರ, ಇದನ್ನ ಇನ್ನೂ ಹೇಳಾಕ ಹತ್ತೀರೇನ್ರಿ?”

“ಯಾಕ ಹೇಳಬಾರದು? ನನ್ನ ಸ್ವಂತ ಸಿದ್ಧಾಂತ ಅದು.”

“ಸ್ವಂತದ್ದೇನ್ರಿ?” ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಇದನ್ನ ಹೇಳಿದ್ದಕ್ಕ ನೀವು ನನ್ನ ಹೊರಗ ನಿಲ್ಲಿಸಿದ್ರೆಲ್ರಿ ಸರ. ಪಿರಿಯಡ್ ಮುಗಿಯೂತನ ಬೇವಿನಗಿಡದ ಕಡೆ ಮಾರಿ ಮಾಡಿ ನಿಂತಿದ್ದೆ.”

ನನ್ನ ಕೈಯಲ್ಲಿದ್ದ ಮೆಂತ್ಯದ ಕಡ್ಡಿ ಕೈಯಲ್ಲೇ ಉಳಿಯಿತು. ಬೇವಿನಮರ ನೆನಪಾಯಿತು, ಕಿಟಕಿ ನೆನಪಾಯಿತು, ಆಮೇಲೆ, ಕಿಟಕಿಯ ಸರಳಿನಾಚೆ ಕೆಂಪು ರಿಬ್ಬನ್ ಕಟ್ಟಿದ ಎರಡು ಜಡೆಗಳು, ಶಿಕ್ಷೆಯಲ್ಲಿದ್ದೂ ಪಾಠದತ್ತ ಓರೆಯಾಗಿದ್ದ ಒಂದು ಕಿವಿ. ಇಪ್ಪತ್ತೊಂದು ವರ್ಷದ ಹಿಂದಿನ ಮಾತು. ಅಂದು ನಾನು ಹಲಗೆಯ ಮೇಲೆ ಮದುವೆ ಮುಗಿಸಿ, ಇಂಗ್ ಬಂದರೆ ವಾಯ್ ಬದಲಾಗದೆಂದು ಬರೆಸಿ, ಏಕೆಂಬುದಕ್ಕೆ ಎಂದಿನ ಔಷಧ ಕುಡಿಸಿದ್ದೆ. ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು, “ಇಂಗ್ ತವರಮನಿಯವರು ಇರಬೇಕ್ರಿ ಸರ, ಅಣ್ಣ ಬಂದ್ರ ಹಳೇ ಹೆಸರ್ಲೇ ಕರೀತಾನಲ್ರಿ. ಮತ್ತ ಅಲ್ಲೊಂದ ಆಯ್ ಮೊದಲ ಕುಂತೈತಿ. ಒಂದ ಹೆಸರಿನವರಿಬ್ಬರು ಒಂದ ಮನ್ಯಾಗ ಹೆಂಗ ಇರತಾರ್ರಿ?” ಎಂದಿದ್ದಳು. ತರಗತಿ ಗೊಳ್ಳೆಂದಿತು. ನಗು ನನ್ನ ಪೌರೋಹಿತ್ಯದ ಮೇಲೆ ಬಿತ್ತೆಂದು ಭಾವಿಸಿ ನಾನು ಅವಳನ್ನು ಹೊರಗೆ ಕಳಿಸಿದೆ. ಮರುವರ್ಷ, ಅದೇ ಪಾಠ ಬಂದಾಗ, ಅದೇ ಮಾತನ್ನು ನಾನೇ ಆಡಿದೆ. ಮಕ್ಕಳಿಗೆ ತಟ್ಟನೆ ತಿಳಿಯಿತು. ಮೂರನೆಯ ವರ್ಷಕ್ಕೆ ಅದು ನನ್ನದಾಗಿಹೋಗಿತ್ತು. ಧಾರವಾಡಕ್ಕೆ ಹೋಗುವ ಹೊತ್ತಿಗೆ ಸಿದ್ಧಾಂತವಾಗಿತ್ತು. ಮಾತನ್ನು ಇಪ್ಪತ್ತೊಂದು ವರ್ಷ ಜೋಪಾನವಾಗಿ ಇಟ್ಟುಕೊಂಡು, ಮಾತಾಡಿದವಳನ್ನು ಒಂದೇ ವರ್ಷದಲ್ಲಿ ಮರೆತಿದ್ದೆ.

ಈ ಸಂಗತಿಯನ್ನು ನಾನು ಯಾರಿಗೂ ಹೇಳಿದವನಲ್ಲ, ಹೇಳುವಂಥದ್ದೂ ಅಲ್ಲ. ಹೊರಗೆ ನಿಂತವಳಿಗಲ್ಲದೆ ಇನ್ನಾರಿಗೆ ಅದು ಇಷ್ಟು ವರ್ಷ ನೆನಪಿರಲು ಸಾಧ್ಯ?

“ಯಾವತ್ತ ಬರಬೇಕು ಪಂಚನಾಮೆಗೆ?” ಎಂದೆ.

ಒಳಗಿನಿಂದ ಧ್ವನಿ ಬಂತು: “ತತ್ತ್ವ ಮುಗೀತೇನ್ರಿ?”

ಹೊರಡುವಾಗ ಕಸ್ತೂರಿಯನ್ನು ಒಂದು ಮಾತು ಕೇಳಿದೆ: ಚೆಂದದ ಹೆಸರನ್ನು ಬದಲಿಸಿದ್ದೇಕೆ? ಆಕೆ ಚಪ್ಪಲಿ ಮೆಟ್ಟುತ್ತ, “ನಮ್ಮ ಅತ್ತಿ ಹೆಸರೂ ಕಸ್ತೂರೀನೇ ರೀ ಸರ,” ಎಂದಳು. “ನನ್ನ ಬೈಯಾಕ ನಿಂತ್ರ ತಮ್ಮನ್ನ ತಾವು ಬೈಕೊಂಡಂಗ ಆಗತಿತ್ತಂತ್ರಿ.”

ಮೂರನೆಯ ದಿನ ಮುಂಜಾನೆಯ ಬಸ್ಸು ಹಿಡಿದೆ. ಬೈಲಹೊಂಗಲದಿಂದ ಸವದತ್ತಿ, ಅಲ್ಲಿಂದ ರಾಮದುರ್ಗ, ಅಲ್ಲಿ ಬಸ್ಸು ಬದಲಿಸಿ ಸುರೇಬಾನದ ದಾರಿ. ಕಿಟಕಿಯ ಪಕ್ಕದ ಆಸನ ಸಿಕ್ಕಿತ್ತು. ಮಳೆ ಹಿಡಿದು ಹೆಸರುಕಾಳಿನ ಹೊಲಗಳು ಹಸಿರಾಗಿದ್ದವು. ಆತ್ಮಪರಿಶೀಲನೆಗೆ ನಮ್ಮ ಸರಕಾರಿ ಬಸ್ಸಿನಷ್ಟು ಯೋಗ್ಯವಾದ ಸ್ಥಳ ಇನ್ನೊಂದಿಲ್ಲ, ನಡುವೆ ಎದ್ದು ಹೋಗಲು ಬರುವುದಿಲ್ಲ. ನನ್ನ ಪಾಠದ ಭಂಡಾರದಲ್ಲಿ ನನ್ನದು ಯಾವುದು ಎಂದು ಲೆಕ್ಕ ಹಾಕಿದೆ. ಜೋಡೆತ್ತಿನ ಉಪಮೆ ಕಿತ್ತೂರಿನಲ್ಲಿ ಒಬ್ಬ ಒಕ್ಕಲಿಗ ಹುಡುಗ ಬಾಯ್ತಪ್ಪಿ ಆಡಿದ ಮಾತಿನಿಂದ ಬಂದದ್ದು. ಕಟ್ಟೆಯ ಹಿರಿಯರು ಸವದತ್ತಿಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಮುದುಕಿ ತನ್ನ ಗಂಡನ ಬಗ್ಗೆ ಆಡಿಕೊಂಡದ್ದರಿಂದ ಬಂದವರು. ತವರಿನ ಅಣ್ಣನ ಕಥೆ ಈಗ ನಿಮಗೂ ಗೊತ್ತಾಗಿದೆ. ಉಳಿದದ್ದು ಸುಣ್ಣದ ಕಡ್ಡಿ, ಅದೂ ಸರಕಾರದ್ದು. ಆಶ್ಚರ್ಯವೆಂದರೆ, ಹೀಗೆ ಎಲ್ಲವನ್ನೂ ಕಳೆದುಕೊಳ್ಳುತ್ತ ಹೋದಾಗ ನನಗೆ ಬಡತನದ ಭಾವನೆ ಬರಲಿಲ್ಲ. ನಾನು ಕೊಟ್ಟೆನೆಂದುಕೊಂಡಿದ್ದ ಮೂವತ್ತೊಂದು ವರ್ಷ ನನಗೆ ಇಷ್ಟು ಜನ ಕೊಡುತ್ತಲೇ ಇದ್ದರಲ್ಲ ಎಂಬ ಕೃತಜ್ಞತೆ, ರಾಮದುರ್ಗ ಬರುವಷ್ಟರಲ್ಲಿ, ಪಕ್ಕದಲ್ಲಿ ಕೂತು ನನ್ನ ಹೆಗಲ ಮೇಲೆ ನಿದ್ದೆಹೋಗಿದ್ದ ಅಪರಿಚಿತನವರೆಗೂ ಹರಡಿತ್ತು.

ಚಾವಡಿಯಲ್ಲಿ ತಲಾಠಿಗಳು ಕಾದಿದ್ದರು. ಈ ಹುದ್ದೆಗೂ ಸರಕಾರ ಮೇಲಿಂದ ಮೇಲೆ ಹೊಸ ನಾಮಕರಣ ಮಾಡಿದೆ. ಗ್ರಾಮ ಲೆಕ್ಕಾಧಿಕಾರಿಯಾಗಿದ್ದವರು ಈಗ ಗ್ರಾಮ ಆಡಳಿತ ಅಧಿಕಾರಿ. ಊರವರು ಮಾತ್ರ ತವರಿನ ಹೆಸರು ಬಿಟ್ಟಿಲ್ಲ. ನಾಲ್ವರು ಪಂಚರು ಚಾಪೆಯ ಮೇಲಿದ್ದರು. ಅವರಲ್ಲಿ ಬಾಳಪ್ಪ ಕಾಕಾ ಎಂಬ ಹಿರಿಯರು ಹಲ್ಲಿಲ್ಲದಿದ್ದರೂ ಮಾತಿಗೇನೂ ಕೊರತೆ ಮಾಡಿಕೊಂಡಿರಲಿಲ್ಲ.

ತಲಾಠಿ ಅರ್ಜಿ ತೆಗೆದು, “ಕಸ್ತೂರಿ ಯಾರ್ರಿ?” ಎಂದರು.

“ನಾನ್ರಿ,” ಎಂದವು ಎರಡು ಧ್ವನಿಗಳು. ಒಂದು ನಮ್ಮ ಕಸ್ತೂರಿಯದು. ಇನ್ನೊಂದು ಬಾಗಿಲ ಬಳಿ ಎಲೆಯಡಿಕೆ ಚೀಲ ಹಿಡಿದು ಕೂತಿದ್ದ ಅವಳ ಅತ್ತೆಯದು.

“ಇದಕ್ಕ ನೋಡ್ರಿ ಹೆಸರ ಬದಲಿ ಮಾಡಿದ್ದ ನಾವು,” ಎಂದಳು ಅತ್ತೆ, ಮೊಕದ್ದಮೆ ತನ್ನ ಪರವಾಗಿ ತೀರ್ಮಾನವಾದಂತೆ.

ತಲಾಠಿ ನನ್ನತ್ತ ತಿರುಗಿದರು. “ಸರ, ಇವ್ರನ್ನ ಹೆಂಗ ಗುರ್ತು ಹಿಡಿದ್ರಿ ಅನ್ನೂದನ್ನ ಬರಿಬೇಕಾಗತೈತ್ರಿ.”

“ಯಾಕ್ರಿ? ನನ್ನ ವಿದ್ಯಾರ್ಥಿನಿ ಅಂತ ಬರದ್ರ ಸಾಲೂದಿಲ್ಲೇನು?”

“ರೂಲ್ ಹಂಗ ಐತ್ರಿ ಸರ.”

ಔಷಧ ಬಹಳ ಕಹಿ ಇತ್ತು. ಎದುರು ಮಾತಿಲ್ಲದೆ ಹೇಳಿದೆ. ಅಪರಿಚಿತ ಊರಿನ ಚಾವಡಿಯಲ್ಲಿ, ನಾಲ್ವರು ಪಂಚರು, ಒಬ್ಬ ಅಧಿಕಾರಿ, ಇಬ್ಬರು ಕಸ್ತೂರಿಯರ ಎದುರಿನಲ್ಲಿ, ಒಂದು ಸರಿಯಾದ ಉತ್ತರಕ್ಕೆ ಹುಡುಗಿಯೊಬ್ಬಳನ್ನು ಬಿಸಿಲಿಗೆ ನಿಲ್ಲಿಸಿದ್ದನ್ನೂ, ಆ ಉತ್ತರವನ್ನು ಎತ್ತಿಕೊಂಡು ಇಪ್ಪತ್ತೊಂದು ವರ್ಷ ಮೆರೆದದ್ದನ್ನೂ ಒಪ್ಪಿಕೊಂಡೆ.

“ಮಾಸ್ತರ,” ಎಂದರು ಬಾಳಪ್ಪ ಕಾಕಾ, “ಕಳವು ಕಬೂಲ ಮಾಡಾಕ ಇಷ್ಟ ದೂರ ಬಂದವರನ್ನ ನಾ ಇದ ಮೊದಲ ನೋಡಿದ್ದು.”

ಎಲ್ಲರೂ ನಕ್ಕರು, ಎಲ್ಲರಿಗಿಂತ ಜೋರಾಗಿ ಅತ್ತೆ ಕಸ್ತೂರಿ. “ಏನವಾ ಅನ್ನಪೂರ್ಣಾ, ಸಾಲ್ಯಾಗೂ ಹಿಂಗ ಎದರ ಮಾತಾಡತಿದ್ದೇನು? ಇವ್ರ ಹೇಳೂದ ಬ್ಯಾಡ, ಇದ್ರ ಮ್ಯಾಲೇ ಗೊತ್ತಾತು ಇಕೀನೇ ಅಕಿ ಅಂತ. ಬರ್ಕೋರಿ ತಲಾಠೇರ.”

ಇದಕ್ಕಿಂತ ಬಲವಾದ ಸಾಕ್ಷಿ ಆ ದಿನ ಬೇರೆ ದೊರೆಯಲಿಲ್ಲ. ಆದರೆ ಸಂಬಂಧಿಕರದ್ದು ನಡೆಯದಾದ್ದರಿಂದ ಅದು ಕಾಗದಕ್ಕೆ ಇಳಿಯಲಿಲ್ಲ.

ತಲಾಠಿ ಬರೆದು ಮುಗಿಸಿ, ಸಹಿಗೆಂದು ಕಾಗದವನ್ನು ನನ್ನ ಮುಂದಿಟ್ಟರು. ಮೇಲಿನ ಸಾಲಿನಲ್ಲಿ ‘ಕಸ್ತೂರಿ ಉರ್ಫ್ ಅನ್ನಪೂರ್ಣಾ’ ಎಂದಿತ್ತು. ಉರ್ಫ್! ನಮ್ಮ ಕಡೆಯ ಕಾಗದಪತ್ರಗಳಲ್ಲಿ ಎಷ್ಟು ಸಲ ಓದಿದ್ದರೂ ಈ ಶಬ್ದವನ್ನು ನಾನು ನಿಂತು ನೋಡಿದವನಲ್ಲ. ಇದರ ಬಲಕ್ಕೊಂದು ಹೆಸರು, ಎಡಕ್ಕೊಂದು ಹೆಸರು. ಯಾವ ಅಕ್ಷರವೂ ಬೀಳುವುದಿಲ್ಲ, ಯಾವುದೂ ಎದ್ದು ಜಾಗ ಬಿಡಬೇಕಿಲ್ಲ. ಮೂಲವನ್ನು ಅಳಿಸದೆ ಬಾಲವನ್ನು ಹಚ್ಚುವ ವಿದ್ಯೆ ಈ ಚಾವಡಿಗಳಿಗೆ ಮೊದಲಿನಿಂದಲೂ ಗೊತ್ತಿತ್ತು. ಗುಹೆಯ ಋಷಿಯಂತೆ ನಾನು ಪ್ರಾರಂಭದಲ್ಲಿ ಹೇಳಿದ ಸತ್ಯವನ್ನು ಇಷ್ಟರಮಟ್ಟಿಗೆ ತಿದ್ದಿಕೊಳ್ಳಬೇಕಾಗಿದೆ.

ಕೆಳಗಿನ ಸಾಲುಗಳನ್ನೂ ಓದಿದೆ. ತಲಾಠಿಗಳ ಬರವಣಿಗೆ ಸರಕಾರಿ ಕನ್ನಡದ ಉದ್ದನೆಯ ವಾಕ್ಯದಲ್ಲಿ ಹೋಗುತ್ತ ಹೋಗುತ್ತ ಎಲ್ಲಿಯೋ ದಿಕ್ಕು ತಪ್ಪಿ, ಹೀಗೆ ಬಂದು ನಿಂತಿತ್ತು: ‘ಸದರಿ ಅರ್ಜಿದಾರಳು ಪಂಚರ ಪೈಕಿ ನಿವೃತ್ತ ಶಿಕ್ಷಕರಿಗೆ ಎಂಟನೆಯ ತರಗತಿಯಲ್ಲಿ ಇಂಗ್ಲಿಷ್ ಪಾಠ ಹೇಳಿದ್ದು ನಿಜವಿದ್ದು, ಅದರ ಮೇಲಿಂದ ಅವರು ಈಕೆಯನ್ನು ಖಾತ್ರಿಯಾಗಿ ಗುರುತಿಸಿರುತ್ತಾರೆ.’

ನಿವೃತ್ತನಾದರೂ ನನ್ನ ಕಿಸೆಯಲ್ಲಿ ಕೆಂಪು ಪೆನ್ನು ಇದ್ದೇ ಇರುತ್ತದೆ. ಕೈ ತಾನಾಗಿಯೇ ಅದರತ್ತ ಹೋಯಿತು. ನನ್ನ ಹೆಗಲ ಮೇಲಿಂದ ಬಗ್ಗಿ ಓದುತ್ತಿದ್ದ ಕಸ್ತೂರಿ, “ಸರ, ಉಲ್ಟಾ ಬರದಾರಲ್ರಿ!” ಎಂದು ಪಿಸುಗುಟ್ಟಿದಳು.

ಕೆಂಪು ಪೆನ್ನು ಬಿಟ್ಟು ನೀಲಿ ತೆಗೆದೆ. “ಇರ್ಲಿ ಬಿಡವಾ. ರೂಲ್ ಹಂಗ ಐತಿ,” ಎಂದು ಸಹಿ ಹಾಕಿದೆ.

ಸಂಜೆ ಬೈಲಹೊಂಗಲಕ್ಕೆ ಮರಳಿ ಮನೆಯ ಮೆಟ್ಟಿಲು ಹತ್ತುತ್ತ, “ವಿಮಲಾ,” ಎಂದು ಕರೆದೆ. ಒಳಗಿನಿಂದ ಯಾರೂ ಓಗೊಡಲಿಲ್ಲ. ಎರಡನೆಯ ಸಲ ಕರೆದಾಗ ಅವರು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದು, ಓಣಿಯ ಆ ತುದಿ ಈ ತುದಿ ನೋಡಿ, “ಯಾರನ್ನ ಕರ್ಯಾಕ ಹತ್ತೀರಿ?” ಎಂದರು. ಆಮೇಲೆ ಬಾಗಿಲ ಚೌಕಟ್ಟು ಹಿಡಿದು ಸ್ವಲ್ಪ ಹೊತ್ತು ಅಲ್ಲೇ ನಿಂತರು.

ಪಡಸಾಲೆಯ ಕರಿಹಲಗೆಯಲ್ಲಿ ಕ್ಯಾರಿ, ಇಂಗ್, ರುಮಾಲಿನ ಅಣ್ಣ ಹಾಗೆಯೇ ಇದ್ದರು. ಅದನ್ನು ಅಳಿಸಲಿಲ್ಲ. ಕೆಳಗಿನ ಮೂಲೆಯಲ್ಲಿ, ಪುಸ್ತಕಗಳಲ್ಲಿ ಬರೆದವರ ಹೆಸರು ಇರುವ ಜಾಗದಲ್ಲಿ, ಕಸ್ತೂರಿ ಎಂದು ಬರೆದೆ. ಓಣಿಯ ಮಕ್ಕಳು ಯಾರು ಅದು ಎಂದು ಕೇಳಿದರು. ಕುಂಡ್ರು ಎನ್ನದೆ, ಅವರಿಗೆ ಇಷ್ಟೆಲ್ಲವನ್ನೂ ಹೇಳಿದೆ.

ಕಸ್ತೂರಿ ಉರ್ಫ್ ಅನ್ನಪೂರ್ಣಾ ದಸರೆಯ ನಂತರದ ಸೋಮವಾರ ಅಂಗನವಾಡಿಯ ಕೆಲಸಕ್ಕೆ ಹಾಜರಾದಳು.